ಮಳೆ ಸುರಿಯುವಾಗ ಸೂರ್ಯನ ಚಿತ್ರ ತೋರಿಸುವ ಹವಾಮಾನ ಸ್ಟೇಷನ್

ಮೊದಲೇ ಹೇಳಿಬಿಡುತ್ತೇನೆ. ಪರದೆಯ ಮೂಲೆಯಲ್ಲಿ ಬರುವ ಸೂರ್ಯ, ಮೋಡ, ಮಳೆಹನಿಯ ಚಿತ್ರ ನೋಡಿ ಮನೆಗೆ ಹವಾಮಾನ ಸ್ಟೇಷನ್ ಕೊಳ್ಳುವುದಾದರೆ ಬೇಡ. ಆ ಚಿತ್ರಗಳು ಉಷ್ಣವಲಯದಲ್ಲಿ ಇರುವವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಅದೇ ಪೆಟ್ಟಿಗೆಯೊಳಗೆ ಒಂದು ಪುಟ್ಟ ವಾಯುಭಾರ ಮಾಪಕ ಇದೆ. ಅದಕ್ಕಾಗಿ ಕೊಳ್ಳುವುದಾದರೆ ಕಣ್ಣುಮುಚ್ಚಿ ಕೊಳ್ಳಬಹುದು.

ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಬಗೆಯ ಸ್ಟೇಷನ್ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹೊರಗಡೆ ಕಂಬಕ್ಕೆ ಕಟ್ಟುವ ಒಂದು ಭಾಗ. ಅದರಲ್ಲಿ ಗಾಳಿಯ ವೇಗ ಅಳೆಯುವ ಮೂರು ಬಟ್ಟಲು, ದಿಕ್ಕು ಹೇಳುವ ರೆಕ್ಕೆ, ಮಳೆ ಅಳೆಯುವ ಡಬ್ಬಿ, ಬಿಳಿ ತಟ್ಟೆಗಳ ಗೂಡಿನೊಳಗೆ ಉಷ್ಣಾಂಶ ಮತ್ತು ತೇವಾಂಶದ ಸೆನ್ಸರ್. ಒಳಗಡೆ ಮೇಜಿನ ಮೇಲಿಡುವ ಪರದೆ. ವಾಯುಭಾರ ಮಾಪಕ ಇರುವುದು ಈ ಪರದೆಯ ಬೆನ್ನಿನಲ್ಲಿ. ಎರಡರ ನಡುವೆ ತಂತಿ ಇಲ್ಲ, ರೇಡಿಯೊ ಮೂಲಕ ಮಾತು.

ಇಂಥ ಯಂತ್ರದ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಉಷ್ಣಾಂಶ ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತದೆ, ಆ್ಯಪ್ ಚೆನ್ನಾಗಿದೆ, ಬ್ಯಾಟರಿ ಬಾಳುತ್ತದೆ ಎಂದು ಮುಗಿಸುತ್ತಾರೆ. ಸುಮ್ನೆ ನಿಂತ ಗಾಳಿಯಲ್ಲಿ, ನೀಲಿ ಆಕಾಶದ ಕೆಳಗೆ ಯಾವ ಯಂತ್ರವಾದರೂ ಸರಿಯಾಗಿಯೇ ಇರುತ್ತದೆ. ನನ್ನ ಪರೀಕ್ಷೆ ಬೇರೆ. ಸ್ಕ್ವಾಲ್ ಲೈನ್ ಮೇಲೆ ಹಾದುಹೋಗುವಾಗ ಇದು ಏನು ಬರೆದುಕೊಳ್ಳುತ್ತದೆ? ಅರ್ಧ ಗಂಟೆಯೊಳಗೆ ಗಾಳಿ, ದಿಕ್ಕು, ಒತ್ತಡ, ಉಷ್ಣಾಂಶ, ತೇವಾಂಶ, ಮಳೆ ಎಲ್ಲವೂ ಒಟ್ಟಿಗೆ ತಲೆಕೆಳಗಾಗುವ ಘಟನೆ ಅದು. ಒಂದು ಸ್ಟೇಷನ್‌ಗೆ ಅದಕ್ಕಿಂತ ಕಠಿಣ ಪ್ರಶ್ನೆಪತ್ರಿಕೆ ಇಲ್ಲ.

ಸ್ಕ್ವಾಲ್ ಲೈನ್ ಅಂದರೆ ಸಾಲುಗಟ್ಟಿ ಬರುವ ಗುಡುಗು ಮೋಡಗಳು. ಉದ್ದ ನೂರಾರು ಕಿಲೋಮೀಟರ್. ಮುಂದೆ ಕಿರಿದಾದ, ಅಬ್ಬರದ ಪಟ್ಟಿ. ಅಗಲ ಹತ್ತಾರು ಕಿಲೋಮೀಟರ್ ಅಷ್ಟೇ. ಜೋರು ಮಳೆ, ಮಿಂಚು ಹೆಚ್ಚಾಗಿ ಅಲ್ಲೇ. ಅದರ ಹಿಂದೆ ಮಂಕಾದ, ಚಪ್ಪಟೆ ಮೋಡದ ದೊಡ್ಡ ಹಾಸು, ನೂರು ಇನ್ನೂರು ಕಿಲೋಮೀಟರ್ ಹರಡಿರುತ್ತದೆ. ಅದರಿಂದ ಗಂಟೆಗಟ್ಟಲೆ ಸಣ್ಣ ಮಳೆ. ಎರಡರ ನಡುವೆ ಮಳೆ ತುಸು ಬಿಡುವು ಕೊಡುವ ಜಾಗವೊಂದು ಇರುತ್ತದೆ. ಕೆಳಗೆ, ನೆಲಕ್ಕೆ ಅಂಟಿಕೊಂಡು, ಕಣ್ಣಿಗೆ ಕಾಣದ ತಣ್ಣನೆ ಗಾಳಿಯ ಪದರ. ಇಡೀ ಸಾಲನ್ನು ಮುಂದಕ್ಕೆ ತಳ್ಳುವುದರಲ್ಲಿ ದೊಡ್ಡ ಪಾಲು ಈ ಪದರದ್ದು. ಮನೆಯ ಸ್ಟೇಷನ್‌ಗೆ ಸಿಗುವುದೂ ಇದೇ. ಮೇಲಿನದ್ದೇನೂ ಅದಕ್ಕೆ ಕಾಣುವುದಿಲ್ಲ.

ಈ ತಣ್ಣನೆ ಪದರ ಹುಟ್ಟುವ ಬಗೆ ಹೀಗಿದೆ. ಮಳೆಹನಿಗಳು ಬೀಳುವ ದಾರಿಯಲ್ಲಿ ಒಣ ಗಾಳಿ ಸಿಕ್ಕರೆ ಒಂದಷ್ಟು ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖ ಆ ಗಾಳಿಯಿಂದಲೇ ಹೋಗುತ್ತದೆ. ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಕುಸಿಯುತ್ತದೆ, ನೆಲ ಮುಟ್ಟಿ ಟ್ಯಾಂಕಿನಿಂದ ಚೆಲ್ಲಿದ ನೀರಿನ ಹಾಗೆ ಹರಡುತ್ತದೆ. ಅದರ ಮುಂದಿನ ಅಂಚೇ ಗಸ್ಟ್ ಫ್ರಂಟ್. ಎದುರಿಗಿರುವ ಬೆಚ್ಚಗಿನ, ಹಸಿ ಗಾಳಿಯ ಅಡಿಗೆ ಅದು ನುಗ್ಗಿ ಮೇಲೆತ್ತುತ್ತದೆ. ಮೇಲೆದ್ದ ಗಾಳಿಯಲ್ಲಿ ಹೊಸ ಮೋಡ ಹುಟ್ಟುತ್ತದೆ. ಹಳೆಯ ಮೋಡ ಹಿಂದೆ ಬಿದ್ದು, ಸೊರಗಿ, ಆ ಚಪ್ಪಟೆ ಹಾಸಿನೊಳಗೆ ಸೇರಿಕೊಳ್ಳುತ್ತದೆ.

ಈಗ ಯಂತ್ರಕ್ಕೆ ಬರೋಣ. ತಣ್ಣನೆ ಗಾಳಿ ಭಾರ. ಆದ್ದರಿಂದ ಅದು ತಲೆಯ ಮೇಲೆ ಬಂದ ಕೂಡಲೇ ಒತ್ತಡ ಏರುತ್ತದೆ. ಒಂದು ಕಿಲೋಮೀಟರ್ ದಪ್ಪದ ಪದರ, ಸರಾಸರಿ 5 ಡಿಗ್ರಿ ತಂಪು ಅಂದರೆ ಸುಮಾರು 2 ಹೆಕ್ಟೋಪಾಸ್ಕಲ್ (ವಾಯುಭಾರದ ಅಳತೆಮಾನ) ಏರಿಕೆ. ನನ್ನ ಸ್ಟೇಷನ್ 0.1 ಹೆಕ್ಟೋಪಾಸ್ಕಲ್‌ವರೆಗೆ ಓದುತ್ತದೆ. ಇಷ್ಟು ಅಗ್ಗದ ಸೆನ್ಸರ್ ಇಷ್ಟು ಸಣ್ಣ ಬದಲಾವಣೆಯನ್ನು ಹಿಡಿಯುತ್ತದೆಯೇ ಎಂಬ ಅನುಮಾನ ನನಗಿತ್ತು. ಹಿಡಿಯುತ್ತದೆ. ಅದೂ ಸೊಗಸಾಗಿ. ಗ್ರಾಫಿನಲ್ಲಿ ಗೆರೆ ಸುಮಾರಾಗಿ ಮಲಗಿಕೊಂಡೇ ಬಂದು, ಸಣ್ಣದೊಂದು ತಗ್ಗಿಗೆ ಇಳಿದು, ಥಟ್ಟನೆ ಎದ್ದು ನಿಲ್ಲುತ್ತದೆ. ನಿಜವಾದ ಒತ್ತಡ ಎಷ್ಟು ಎನ್ನುವುದರಲ್ಲಿ ಇಂಥ ಸೆನ್ಸರ್ ಒಂದೆರಡು ಹೆಕ್ಟೋಪಾಸ್ಕಲ್ ತಪ್ಪಬಹುದು. ಅದರ ಚಿಂತೆ ಬೇಡ. ನಮಗೆ ಬೇಕಾದದ್ದು ಏರಿಳಿತ, ಅದನ್ನು ಇದು ನಿಷ್ಠೆಯಿಂದ ಹೇಳುತ್ತದೆ.

ಒಂದು ಸಂಜೆಯ ದಾಖಲೆ ಕೊಡುತ್ತೇನೆ. ಮೊದಲು ಗಾಳಿ ಪೂರ್ತಿ ಸತ್ತಿತ್ತು. ಉಷ್ಣಾಂಶ 31.4. ಒತ್ತಡ ಏರಲು ಶುರುವಾಯಿತು, ಒಂದೆರಡು ನಿಮಿಷದ ಮೇಲೆ ರೆಕ್ಕೆ ಗರ್ರನೆ ತಿರುಗಿತು, ಆಮೇಲೆ ಉಷ್ಣಾಂಶ ಇಳಿಯಿತು, ಕೊನೆಗೆ ಮಳೆ. ಈ ಕ್ರಮ ಗಮನಿಸಿ. ಮಳೆ ಬಂದದ್ದರಿಂದ ತಂಪಾಯಿತು ಎಂದು ನಾವು ಅಂದುಕೊಳ್ಳುತ್ತೇವೆ ಅಲ್ವಾ? ಗ್ರಾಫ್ ಹೇಳುವುದು ಬೇರೆ. ತಂಪು ಮೊದಲು ಬಂತು, ಬೇರೆಲ್ಲೋ ಬಿದ್ದ ಮಳೆಯಿಂದ ತಣ್ಣಗಾದ ಗಾಳಿ ಅದು. ನಮ್ಮ ಮಳೆ ಅದರ ಬೆನ್ನಿಗೆ ಬಂತು. ಇನ್ನೂ ಸ್ವಾರಸ್ಯ ಏನೆಂದರೆ ಒತ್ತಡ ತಂಪಿಗಿಂತಲೂ ಮುಂಚೆ ಏರುತ್ತದೆ. ನುಗ್ಗಿ ಬರುವ ತಣ್ಣನೆ ಪದರ ಎದುರಿನ ಗಾಳಿಯನ್ನು ಒತ್ತುತ್ತದೆ. ಆ ಒತ್ತು ಒಂದು ಹೆಜ್ಜೆ ಮುಂದೆಯೇ ತಲುಪಿಬಿಡುತ್ತದೆ.

ಅಂದು ಒಟ್ಟು ಏರಿಕೆ 2.3 ಹೆಕ್ಟೋಪಾಸ್ಕಲ್, ಉಷ್ಣಾಂಶ 24.6ಕ್ಕೆ ಇಳಿದಿತ್ತು. ನೆಲದ ಹತ್ತಿರ ಸುಮಾರು 7 ಡಿಗ್ರಿ ಇಳಿಕೆ. ಪದರದ ಸರಾಸರಿ ಅದಕ್ಕಿಂತ ಕಡಿಮೆ ಇರುತ್ತದೆ, 5 ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಪದರದ ದಪ್ಪ 1.2 ಕಿಲೋಮೀಟರ್ ಆಸುಪಾಸು. ಇಂಥ ಪದರ ತನ್ನ ಭಾರದಿಂದಲೇ ಎಷ್ಟು ವೇಗವಾಗಿ ಹರಿಯುತ್ತದೆ ಎನ್ನುವುದಕ್ಕೂ ಸರಳ ಸೂತ್ರವಿದೆ. ಒತ್ತಡದ ಏರಿಕೆಯನ್ನು ಗಾಳಿಯ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, 0.8ರಿಂದ ಗುಣಿಸಿ. ಸೆಕೆಂಡಿಗೆ 11 ಮೀಟರ್, ಅಂದರೆ ಗಂಟೆಗೆ 40 ಕಿಲೋಮೀಟರ್ ಬರುತ್ತದೆ. ಬೀಸುವ ಗಾಳಿ ಅದೇ ದಿಕ್ಕಿನದಾದರೆ ಇನ್ನಷ್ಟು ಜಾಸ್ತಿ. ಮೇಜಿನ ಮೇಲಿನ ಡಬ್ಬಿಯೊಂದರಿಂದ ತಲೆಯ ಮೇಲಿನ ಗಾಳಿಯ ದಪ್ಪ ಮತ್ತು ವೇಗ ಎರಡೂ ಸಿಕ್ಕವು. ಈ ಒಂದೇ ಕಾರಣಕ್ಕೆ ನಾನು ಯಂತ್ರವನ್ನು ವಾಪಸ್ ಕಳಿಸಲಿಲ್ಲ.

ವಾಪಸ್ ಕಳಿಸಬೇಕು ಅನಿಸಿದ್ದು ಆ ಚಿತ್ರದಿಂದ. ಅದೇ ಸಂಜೆ ಮಗಳು ಪರದೆ ನೋಡಿ ಕೂಗಿದಳು, "ಅಪ್ಪಾ, ಹೊರಗೆ ಮೋರಿ ತುಂಬಿ ಹರೀತಿದೆ. ಇದು ಬಿಸಿಲು ಅಂತಿದೆ ನೋಡು." ನಿಜ. ಪರದೆಯಲ್ಲಿ ನಗುವ ಸೂರ್ಯ.

ಯಾಕೆ ಹೀಗೆ? ಇಂಥ ಸ್ಟೇಷನ್‌ಗಳ ಮುನ್ಸೂಚನೆ ನಿಂತಿರುವುದು ಒಂದೇ ನಿಯಮದ ಮೇಲೆ. ಕಳೆದ ಕೆಲವು ಗಂಟೆಗಳಲ್ಲಿ ಒತ್ತಡ ಇಳಿದಿದ್ದರೆ ಮೋಡ ಅಥವಾ ಮಳೆ, ಏರಿದ್ದರೆ ಬಿಸಿಲು. ಸಮಶೀತೋಷ್ಣ ವಲಯದಲ್ಲಿ ಈ ನಿಯಮ ತಕ್ಕಮಟ್ಟಿಗೆ ನಡೆಯುತ್ತದೆ. ಅಲ್ಲಿ ದೊಡ್ಡ ವಾಯುಭಾರ ಕುಸಿತಗಳು ಹಾದುಹೋಗುವಾಗ ಒತ್ತಡ 10, 20 ಹೆಕ್ಟೋಪಾಸ್ಕಲ್ ಏರಿಳಿಯುತ್ತದೆ. ಉಷ್ಣವಲಯದಲ್ಲಿ ಚಂಡಮಾರುತ ಬಂದಾಗ ಬಿಟ್ಟರೆ ಅಂಥ ಏರಿಳಿತ ಇಲ್ಲ. ಸ್ಕ್ವಾಲ್ ಲೈನ್ ಬಂದರೆ ಒತ್ತಡ ಏರುತ್ತದೆ. ಯಂತ್ರ ಅದನ್ನು ನೋಡಿ ಖುಷಿಯಾಗಿ ಸೂರ್ಯನನ್ನು ಹಾಕುತ್ತದೆ. ಸರಿಯಾಗಿ ಅಳೆದು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಯಂತ್ರ ಇದು.

ಇಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಇನ್ನೊಂದು ಇದೆ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿ ಇಳಿಯುತ್ತದೆ. ಬೆಳಿಗ್ಗೆ 10ರ ಸುಮಾರಿಗೆ ಮತ್ತು ರಾತ್ರಿ 10ರ ಸುಮಾರಿಗೆ ಹೆಚ್ಚು, ಸಂಜೆ 4 ಮತ್ತು ಬೆಳಗಿನ ಜಾವ 4ರ ಸುಮಾರಿಗೆ ಕಡಿಮೆ. ಸೂರ್ಯನ ಶಾಖದಿಂದ ಇಡೀ ವಾತಾವರಣದಲ್ಲಿ ಏಳುವ ಉಬ್ಬರವಿಳಿತ ಇದು. ವ್ಯತ್ಯಾಸ 2ರಿಂದ 3 ಹೆಕ್ಟೋಪಾಸ್ಕಲ್. ಅಂದರೆ ಒಂದು ಒಳ್ಳೆಯ ಸ್ಕ್ವಾಲ್ ಲೈನ್‌ನಷ್ಟೇ! ಹೀಗಾಗಿ ನನ್ನ ಪರದೆ ಮಧ್ಯಾಹ್ನವಾದರೆ ಸಾಕು ಮೋಡ ತೋರಿಸುತ್ತದೆ, ರಾತ್ರಿ ಊಟದ ಹೊತ್ತಿಗೆ ಬಿಸಿಲು ತೋರಿಸುತ್ತದೆ. ಗಡಿಯಾರವಾಗಿ ಬಳಸಬಹುದು, ಮುನ್ಸೂಚನೆಯಾಗಿ ಅಲ್ಲ.

ಪರಿಹಾರ ಇದೆ, ಸ್ವಲ್ಪ ಕೈಕೆಲಸ ಬೇಕು. ಮಳೆ ಗಾಳಿ ಇಲ್ಲದ ಹಲವು ದಿನಗಳ ದಾಖಲೆ ತೆಗೆದುಕೊಂಡು, ಪ್ರತಿ ಹೊತ್ತಿನ ಸರಾಸರಿ ಒತ್ತಡ ಕಂಡುಹಿಡಿಯಿರಿ. ಆಮೇಲೆ ಯಾವುದೇ ದಿನದ ಓದಿನಿಂದ ಅದನ್ನು ಕಳೆಯಿರಿ. ಉಬ್ಬರವಿಳಿತ ಮಾಯವಾಗುತ್ತದೆ. ಉಳಿಯುವುದು ನಿಜವಾದ ಹವಾಮಾನ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಮುಗಿಯುವ ಕೆಲಸ. ಕಂಪನಿಯವರು ಈ ನಾಲ್ಕು ಸಾಲಿನ ಲೆಕ್ಕವನ್ನು ಯಂತ್ರದೊಳಗೇ ಯಾಕೆ ಇಡಬಾರದು ಎಂದು ಬರೆದು ಕೇಳಿದ್ದೆ. ಬ್ಯಾಟರಿ ತೆಗೆದು ಮತ್ತೆ ಹಾಕಿ ನೋಡಿ ಎಂದು ಉತ್ತರ ಬಂತು.

ಎರಡನೇ ದೊಡ್ಡ ದೂರು ದಾಖಲೆಯ ಅಂತರದ್ದು. ಹೊರಗಿನ ಭಾಗ 16 ಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ. ಅದು ಸಾಕು. ಆದರೆ ಒಳಗಿನ ಪೆಟ್ಟಿಗೆ ಅದನ್ನು ಉಳಿಸಿಕೊಳ್ಳುವುದು 5 ನಿಮಿಷಕ್ಕೊಮ್ಮೆ, ಕಾರ್ಖಾನೆಯಿಂದ ಬರುವ ಸೆಟ್ಟಿಂಗ್ ಹಾಗಿದೆ. ಗಸ್ಟ್ ಫ್ರಂಟ್ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದರೆ 5 ನಿಮಿಷದಲ್ಲಿ 4 ಕಿಲೋಮೀಟರ್ ದಾಟಿ ಹೋಗಿರುತ್ತದೆ. ಒತ್ತಡ ಮೊದಲೋ ಗಾಳಿ ಮೊದಲೋ ತಂಪು ಮೊದಲೋ ಎಂಬ ಕ್ರಮವೆಲ್ಲ ಒಂದೇ ಚುಕ್ಕೆಯೊಳಗೆ ಕಲಸಿಹೋಗುತ್ತದೆ. ಪೆಟ್ಟಿಗೆಯಿಂದ ತೆಗೆದ ತಕ್ಷಣ ಸೆಟ್ಟಿಂಗ್‌ಗೆ ಹೋಗಿ 1 ನಿಮಿಷ ಮಾಡಿಕೊಳ್ಳಿ. ನೆನಪಿನ ಜಾಗ ಬೇಗ ತುಂಬುತ್ತದೆ, ಆಗಾಗ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅಷ್ಟು ತೊಂದರೆ ಪಡಬಹುದು.

ಅಂತರದ ಮಾತು ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, ಸಾಲಿನ ವೇಗ ಅಳೆಯುವ ಆಟ ನಿಂತಿರುವುದೇ ಅದರ ಮೇಲೆ. ಗೆಳೆಯನೊಬ್ಬನ ಮನೆಯಲ್ಲೂ ಇದೇ ಸ್ಟೇಷನ್ ಇದೆ, 18 ಕಿಲೋಮೀಟರ್ ದೂರ. ಒಂದು ಸಲ ನನ್ನಲ್ಲಿ ಒತ್ತಡ ಏರಿದ 22 ನಿಮಿಷಕ್ಕೆ ಅವನಲ್ಲಿ ಏರಿತು. ಭಾಗಿಸಿದರೆ ಗಂಟೆಗೆ 49 ಕಿಲೋಮೀಟರ್. 5 ನಿಮಿಷದ ಅಂತರದಲ್ಲಿ ದಾಖಲಾಗಿದ್ದರೆ ಅದೇ ಉತ್ತರ 40ರಿಂದ 63ರವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಸಾಲು ನನ್ನ ಮನೆಯಿಂದ ನೇರ ಗೆಳೆಯನ ಮನೆಯ ಕಡೆಗೇ ಹೋಗಿರಬೇಕು ಎಂದೇನಿಲ್ಲ. ಓರೆಯಾಗಿ ಹೋಗಿದ್ದರೆ ಎರಡು ಸ್ಟೇಷನ್‌ಗಳ ಲೆಕ್ಕ ನಿಜವಾದ ವೇಗಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಮೂರನೆಯ ಸ್ಟೇಷನ್, ಅದೂ ಒಂದೇ ಗೆರೆಯಲ್ಲಿ ಇಲ್ಲದ್ದು ಸಿಕ್ಕರೆ ದಿಕ್ಕು, ವೇಗ ಎರಡನ್ನೂ ಬಿಡಿಸಬಹುದು. ಮೂರನೆಯವರನ್ನು ನಾವಿನ್ನೂ ಪುಸಲಾಯಿಸುತ್ತಿದ್ದೇವೆ.

ವೇಗದ ಬಗ್ಗೆ ಇಷ್ಟು ಕುತೂಹಲ ಯಾಕೆ ಎಂದು ಕೇಳಬಹುದು. ಉಷ್ಣವಲಯದ ಸ್ಕ್ವಾಲ್ ಲೈನ್‌ನ ವಿಚಿತ್ರವೇ ಅದರ ಓಟದಲ್ಲಿದೆ. ಮೋಡ ಗಾಳಿಯ ಜೊತೆ ಹೋಗುತ್ತದೆ ಎನ್ನುವುದು ನಮ್ಮ ಸಾಮಾನ್ಯ ತಿಳಿವಳಿಕೆ. 1972ರಲ್ಲಿ ವೆನೆಜುವೆಲಾದಲ್ಲಿ ರೇಡಾರ್ ಮತ್ತು ಬಲೂನುಗಳನ್ನು ಇಟ್ಟುಕೊಂಡು ಇಂಥ ಸಾಲುಗಳನ್ನು ಅಳೆದರು. ಅವು ಯಾವ ಎತ್ತರದ ಗಾಳಿಗಿಂತಲೂ ವೇಗವಾಗಿ ಓಡುತ್ತಿದ್ದವು. ಯಾವ ಗಾಳಿಯೂ ಅವನ್ನು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಸಾಲಿನ ಮೇಲೆ ಕುಳಿತು ನೋಡಿದರೆ ಎಲ್ಲ ಎತ್ತರದಲ್ಲೂ ಗಾಳಿ ಎದುರಿನಿಂದಲೇ ಬರುತ್ತದೆ. 1976ರಲ್ಲಿ ಹವಾಮಾನ ವಿಜ್ಞಾನಿಗಳಾದ ಅಲನ್ ಬೆಟ್ಸ್, ಮಿಚೆಲ್ ಮಾಂಕ್ರೀಫ್ ಮತ್ತು ಜೊತೆಗಾರರು ಇದನ್ನು ವಿವರವಾಗಿ ಪ್ರಕಟಿಸಿದರು. ಇದು ಸಾಧ್ಯವಾಗುವುದು ಸಾಲು ತನ್ನ ಮುಂದೆ ತಾನೇ ಹೊಸದಾಗಿ ಹುಟ್ಟಿಕೊಳ್ಳುವುದರಿಂದ. ಒಂದು ಮೋಡ ಓಡುತ್ತಿಲ್ಲ, ಮೋಡ ಹುಟ್ಟುವ ಜಾಗ ಓಡುತ್ತಿದೆ. ಆ ಜಾಗವನ್ನು ಮುಂದೆ ಸರಿಸುವುದು ನನ್ನ ಡಬ್ಬಿ ಹಿಡಿದ ಆ 2.3 ಹೆಕ್ಟೋಪಾಸ್ಕಲ್‌ನ ತಣ್ಣನೆ ಪದರ.

ಪಶ್ಚಿಮ ಆಫ್ರಿಕಾದಲ್ಲಿ ಇವು ಪೂರ್ವದಿಂದ ಪಶ್ಚಿಮಕ್ಕೆ ಗಂಟೆಗೆ 50, 60 ಕಿಲೋಮೀಟರ್‌ನಲ್ಲಿ ಸಾಗುತ್ತವೆ. ನೆಲದ ಹತ್ತಿರ ನೈಋತ್ಯದ ಮುಂಗಾರು ಗಾಳಿ, ಮೂರು ನಾಲ್ಕು ಕಿಲೋಮೀಟರ್ ಮೇಲೆ ಪೂರ್ವದ ಜೋರು ಗಾಳಿ. ಮೇಲಕ್ಕೂ ಕೆಳಕ್ಕೂ ಇರುವ ಈ ವ್ಯತ್ಯಾಸ ಸಾಲಿಗೆ ಬೇಕೇಬೇಕು. ಅಮೆಜಾನಿನಲ್ಲಿ ಅಟ್ಲಾಂಟಿಕ್ ತೀರದ ಕಡಲ ಗಾಳಿಯಲ್ಲಿ ಹುಟ್ಟಿದ ಸಾಲು ಕೆಲವೊಮ್ಮೆ ಸಾವಿರ ಕಿಲೋಮೀಟರಿಗೂ ಹೆಚ್ಚು ಒಳನಾಡಿಗೆ ನುಗ್ಗುತ್ತದೆ. ಸುಮಾತ್ರಾದ ಕಡೆಯಿಂದ ಎದ್ದವು ಮಲಾಕ್ಕಾ ಜಲಸಂಧಿ ದಾಟಿ ಬೆಳಗಿನ ಜಾವಕ್ಕೆ ಸಿಂಗಾಪುರ ತಲುಪುತ್ತವೆ. ಮುಂಗಾರಿಗೆ ಮುಂಚೆ ಬಂಗಾಳಕ್ಕೆ ಬರುವ ಗುಡುಗು ಬಿರುಗಾಳಿ ಕಾಲಬೈಸಾಖಿಯಲ್ಲೂ ಎಷ್ಟೋ ಸಲ ಇದೇ ಬಗೆಯ ಸಾಲು, ಛೋಟಾ ನಾಗಪುರದ ಕಡೆಯಿಂದ ಆಗ್ನೇಯಕ್ಕೆ.

ಗಾಳಿಯ ಬಟ್ಟಲುಗಳಿಗೆ ನಾನು ಸಾಧಾರಣ ಅಂಕ ಕೊಡುತ್ತೇನೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ಸ್ಕ್ವಾಲ್ ಅನ್ನಬೇಕಾದರೆ ಗಾಳಿಯ ವೇಗ ಏಕಾಏಕಿ ಸೆಕೆಂಡಿಗೆ ಕನಿಷ್ಠ 8 ಮೀಟರ್ ಹೆಚ್ಚಬೇಕು, 11 ಮೀಟರ್ ಮುಟ್ಟಬೇಕು, ಕನಿಷ್ಠ 1 ನಿಮಿಷ ನಿಲ್ಲಬೇಕು. ನನ್ನ ಯಂತ್ರ ಅತಿ ಹೆಚ್ಚಿನ ಗಸ್ಟ್, ಅಂದರೆ ಕ್ಷಣಮಾತ್ರ ಬೀಸಿದ ಜೋರು ಗಾಳಿಯ ವೇಗ ಹೇಳುತ್ತದೆ, ಹಾಗೂ 5 ನಿಮಿಷದ ಸರಾಸರಿ ಹೇಳುತ್ತದೆ. ಆ ಒಂದು ನಿಮಿಷದ ಕಥೆ ಎರಡರಲ್ಲೂ ಸರಿಯಾಗಿ ಸಿಗುವುದಿಲ್ಲ. ಅಂತರ ಬದಲಿಸಿದ ಮೇಲೆ ಸಿಕ್ಕಿತು. ಇನ್ನು ಕಂಬದ ಎತ್ತರ. ಗಾಳಿಯನ್ನು ಅಳೆಯಬೇಕಾದದ್ದು ಬಯಲಿನಲ್ಲಿ, 10 ಮೀಟರ್ ಎತ್ತರದಲ್ಲಿ. ತಾರಸಿಯ ಮೇಲೆ ಮೊಣಕಾಲೆತ್ತರದ ಕೊಳವೆಗೆ ಕಟ್ಟಿದರೆ ಅಳೆಯುವುದು ತಾರಸಿಯ ಗೋಡೆಗೆ ಡಿಕ್ಕಿ ಹೊಡೆದು ಸುತ್ತುವ ಗಾಳಿಯನ್ನು. ಪೆಟ್ಟಿಗೆಯಲ್ಲಿ ಬರುವ ಕೊಳವೆ ಅಷ್ಟೇ ಉದ್ದ ಇರುವುದು. ಬೇರೆ ಕಂಬ ಹೊಂದಿಸಿಕೊಳ್ಳಿ, ಬಿಗಿಯಾಗಿ ಕಟ್ಟಿ. ಕಂಬ ನಡುಗಿದರೆ ಮಳೆಮಾಪಕದ ಒಳಗಿನ ಬಕೆಟ್ ಅಲುಗಿ ಇಲ್ಲದ ಮಳೆಯನ್ನೂ ಎಣಿಸುತ್ತದೆ. ಗಸ್ಟ್ ಫ್ರಂಟ್ ಬಂದಾಗಲೇ ಇದು ಆಗುವುದು.

ದಿಕ್ಕು ತೋರಿಸುವ ರೆಕ್ಕೆಯ ಬಗ್ಗೆ ಮಾತ್ರ ಒಳ್ಳೆಯ ಮಾತು. ಗಸ್ಟ್ ಫ್ರಂಟ್ ಹಿಂದಿನ ಗಾಳಿ ಹೆಚ್ಚುಕಡಿಮೆ ಸಾಲು ಬಂದ ಕಡೆಯಿಂದಲೇ ಬೀಸುತ್ತದೆ. ಹಾಗಾಗಿ ರೆಕ್ಕೆ ತಿರುಗಿ ನಿಂತ ದಿಕ್ಕು ನೋಡಿದರೆ ಸಾಲು ಎಲ್ಲಿಂದ ಬಂತು ಎಂದು ಅಂದಾಜಿಸಬಹುದು. ಈ ಯಂತ್ರದ ರೆಕ್ಕೆ 16 ದಿಕ್ಕುಗಳನ್ನು ಬೇರೆ ಮಾಡಿ ತೋರಿಸುತ್ತದೆ. ಸಾಕಾದಷ್ಟಾಯಿತು.

ಉಷ್ಣಾಂಶದ ಸೆನ್ಸರ್ ನಿಧಾನ. ತಟ್ಟೆಗಳ ಗೂಡು ದಪ್ಪ ಪ್ಲಾಸ್ಟಿಕ್, ಒಳಗೆ ಫ್ಯಾನ್ ಇಲ್ಲ. ಚರ್ಮಕ್ಕೆ ತಂಪು ತಟ್ಟಿದ ಕೆಲವು ನಿಮಿಷಗಳ ಮೇಲೆ ಇದಕ್ಕೆ ತಟ್ಟುತ್ತದೆ. ಒತ್ತಡಕ್ಕೂ ತಂಪಿಗೂ ನಡುವೆ ನಿಜವಾಗಿ ಎಷ್ಟು ಅಂತರ ಇತ್ತು ಎಂದು ಇದರಿಂದ ಹೇಳಲಾಗದು. ತೇವಾಂಶದ ವಿಷಯಕ್ಕೆ ಬಂದರೆ, ಶೇಕಡಾವಾರು ಅಂಕಿಯನ್ನು ನೋಡಬೇಡಿ. ಸಾಲು ಬಂದಾಗ ಅದು 60ರಿಂದ 95ಕ್ಕೆ ಜಿಗಿಯುತ್ತದೆ, ಗಾಳಿ ತುಂಬ ಹಸಿಯಾಯಿತು ಅನಿಸುತ್ತದೆ. ಇಬ್ಬನಿ ಬಿಂದುವಿನ, ಅಂದರೆ ಗಾಳಿಯಲ್ಲಿನ ಆವಿ ಹನಿಯಾಗಲು ಶುರುವಾಗುವ ಉಷ್ಣಾಂಶದ ಗ್ರಾಫ್ ತೆರೆಯಿರಿ. ಅದು ಎಷ್ಟೋ ಸಲ ಇಳಿದಿರುತ್ತದೆ. ಅಂದರೆ ಗಾಳಿಯಲ್ಲಿರುವ ನೀರಿನ ಆವಿ ನಿಜಕ್ಕೂ ಕಡಿಮೆಯಾಗಿದೆ. ಮೇಲಿನ ಒಣ ಗಾಳಿ ಕೆಳಗಿಳಿದು ಬಂದದ್ದಕ್ಕೆ ಇದು ಸಾಕ್ಷಿ. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಜಿಪ್ಸರ್ 1969ರಲ್ಲೇ ಸಮಭಾಜಕ ಪೆಸಿಫಿಕ್‌ನ ಮಾಪನಗಳಿಂದ ಇದನ್ನು ತೋರಿಸಿದ್ದರು. ಇಳಿಗಾಳಿಗಳು ಪೂರ್ತಿ ಹಸಿಯಾಗಿರುವುದಿಲ್ಲ, ಅವು ನೆಲಮಟ್ಟದ ಗಾಳಿಯನ್ನು ಸೊರಗಿಸಿ ಇಡೀ ವ್ಯವಸ್ಥೆಯನ್ನೇ ಬೇಗ ಸಾಯಿಸಬಹುದು ಎಂದು. ಸಾಲು ಹೋದ ಮೇಲೆ ಅದೇ ಜಾಗದಲ್ಲಿ ಕೂಡಲೇ ಮತ್ತೊಂದು ಗುಡುಗು ಮೋಡ ಏಳುವುದು ಕಷ್ಟ. ಬಿಸಿಲು ಬಿದ್ದು, ನೆಲ ಕಾದು, ಇಬ್ಬನಿ ಬಿಂದು ಮತ್ತೆ ಮೇಲೇರಲು ಗಂಟೆಗಟ್ಟಲೆ ಬೇಕು. ಆ ಏರಿಕೆಯನ್ನು ಗ್ರಾಫಿನಲ್ಲಿ ನೋಡುತ್ತಾ ಕೂರುವುದು ನನಗೊಂದು ಚಟವಾಗಿದೆ. ಮನೆಯಲ್ಲಿ ಉಳಿದವರಿಗೆ ಈ ಚಟ ಅರ್ಥವಾಗಿಲ್ಲ.

ಮಳೆಮಾಪಕ ಎರಡು ಬಗೆಯಲ್ಲಿ ಸುಳ್ಳು ಹೇಳುತ್ತದೆ. ಒಳಗೆ ಆಚೀಚೆ ವಾಲುವ ಪುಟ್ಟ ಬಕೆಟ್ ಇದೆ, 0.3 ಮಿಲಿಮೀಟರಿಗೆ ಒಂದು ಸಲ ವಾಲುತ್ತದೆ. ಮುಂದಿನ ಪಟ್ಟಿಯ ಜೋರು ಮಳೆಯಲ್ಲಿ ಬಕೆಟ್ ವಾಲುವ ಹೊತ್ತಿನಲ್ಲೂ ನೀರು ಬೀಳುತ್ತಿರುತ್ತದೆ, ಅದು ಲೆಕ್ಕ ತಪ್ಪುತ್ತದೆ. ಹೀಗಾಗಿ ಜೋರು ಮಳೆಯನ್ನು ಕಡಿಮೆ ತೋರಿಸುತ್ತದೆ. ಹಿಂದಿನ ಹಾಸಿನ ಸಣ್ಣ ಮಳೆಯಲ್ಲಿ ಬಕೆಟ್ ತುಂಬಲು ತುಂಬ ಹೊತ್ತು ಬೇಕು. ಆಗ ಮಳೆ ನಿಂತು ನಿಂತು ಬಂದಂತೆ ಕಾಣುತ್ತದೆ. ಪಕ್ಕದಲ್ಲೇ ಒಂದು ಸಾದಾ ಅಳತೆಯ ಕೊಳವೆ ಇಟ್ಟು ಒಟ್ಟು ಮೊತ್ತ ಹೋಲಿಸಿಕೊಳ್ಳುವುದು ಒಳ್ಳೆಯದು.

ಆದರೂ ಆಕಾರ ಚೆನ್ನಾಗಿ ಸಿಗುತ್ತದೆ. ಮೊದಲು ಅರ್ಧ ಗಂಟೆಯ ಕಡಿದಾದ ಏರು. ಆಮೇಲೆ ಒಂದು ಬಿಡುವು. ಆಮೇಲೆ ಎರಡು ಮೂರು ಗಂಟೆ ಮೆಲ್ಲಗೆ ಏರುವ ಗೆರೆ. ಗಂಟೆಗೆ 50 ಕಿಲೋಮೀಟರ್ ವೇಗ ಅಂದುಕೊಂಡರೆ ಅರ್ಧ ಗಂಟೆ ಅಂದರೆ 25 ಕಿಲೋಮೀಟರ್ ಅಗಲದ ಮುಂದಿನ ಪಟ್ಟಿ, ಮೂರು ಗಂಟೆ ಅಂದರೆ 150 ಕಿಲೋಮೀಟರ್ ಹಾಸು. ಹೊತ್ತನ್ನು ದೂರಕ್ಕೆ ಬದಲಿಸಿದರೆ ಇಡೀ ಸಾಲಿನ ಅಡ್ಡಸೀಳು ಒಂದೇ ಗ್ರಾಫಿನಲ್ಲಿ ಬಂದುಬಿಡುತ್ತದೆ. ಬಿಡುವು ಬಂದಾಗ ಮಳೆ ಮುಗಿಯಿತು ಎಂದು ಹೊರಗೆ ಹೊರಟರೆ ಕೆಟ್ಟಿರಿ, ಸಣ್ಣ ಮಳೆ ಇನ್ನೂ ಬಾಕಿ ಇದೆ. ಆ ಸಣ್ಣ ಮಳೆಯನ್ನು ಕಡೆಗಣಿಸಬೇಡಿ. 1974ರಲ್ಲಿ ಪೂರ್ವ ಅಟ್ಲಾಂಟಿಕ್‌ನಲ್ಲಿ ಹಲವು ದೇಶಗಳ ಹಡಗುಗಳು ಸೇರಿ ನಡೆಸಿದ ಗೇಟ್ ಪ್ರಯೋಗದಲ್ಲಿ ವಿಜ್ಞಾನಿ ರಾಬರ್ಟ್ ಹೌಜ್ ಒಂದು ಸಾಲನ್ನು ಬಿಡಿಸಿ ನೋಡಿದಾಗ ಸುಮಾರು 40 ಶೇಕಡಾ ಮಳೆ ಹಿಂದಿನ ಹಾಸಿನಿಂದ ಬಿದ್ದಿತ್ತು. ಮುಂದೆ 1997ರಲ್ಲಿ ಹಾರಿದ, ಮಳೆ ಅಳೆಯುವ ಟಿಆರ್‌ಎಂಎಂ ಉಪಗ್ರಹದ ರೇಡಾರ್ ಇಡೀ ಉಷ್ಣವಲಯಕ್ಕೆ ಕೊಟ್ಟ ಅಂಕಿಯೂ ಅದಕ್ಕೆ ಹತ್ತಿರ.

ಕೆಲವು ಸಲ ಒತ್ತಡ ಏರುತ್ತದೆ, ರೆಕ್ಕೆ ತಿರುಗುತ್ತದೆ, ತಂಪು ಬರುತ್ತದೆ, ಮಳೆ ಬರುವುದೇ ಇಲ್ಲ. ಯಂತ್ರ ಕೆಟ್ಟಿಲ್ಲ. ತಣ್ಣನೆ ಪದರ ತನ್ನ ಮೋಡಗಳನ್ನು ಹಿಂದೆ ಬಿಟ್ಟು ಮುಂದೆ ಓಡಿಬಂದಿದೆ. 1988ರಲ್ಲಿ ರೊಟುನ್ನೊ, ಕ್ಲೆಂಪ್, ವೈಸ್‌ಮನ್ ಎಂಬ ಮೂವರು ವಿಜ್ಞಾನಿಗಳು ಹೇಳಿದ್ದು ಇದೇ. ಪದರ ಹರಡುವ ಬಲ ಮತ್ತು ಕೆಳಮಟ್ಟದಲ್ಲಿ ಎತ್ತರಕ್ಕೆ ತಕ್ಕಂತೆ ಗಾಳಿ ಬದಲಾಗುವ ಬಲ ಸರಿದೂಗಿದಾಗ ಬೆಚ್ಚಗಿನ ಗಾಳಿ ನೆಟ್ಟಗೆ ಮೇಲೇರುತ್ತದೆ, ಸಾಲು ಬಾಳುತ್ತದೆ. ಪದರ ಗೆದ್ದರೆ ಏರುವ ಗಾಳಿ ಹಿಂದಕ್ಕೆ ವಾಲುತ್ತದೆ, ಸಾಲು ಬಳಲುತ್ತದೆ. ಈ ವಾದದ ಮೇಲೆ ಇವತ್ತಿಗೂ ಜಗಳ ನಡೆಯುತ್ತದೆ. ನನ್ನ ಗ್ರಾಫಿನ ಒಣ ಸಂಜೆಗಳಿಗೆ ಮಾತ್ರ ಅದು ಚೆನ್ನಾಗಿ ಹೊಂದುತ್ತದೆ.

ಸಣ್ಣ ಮಳೆ ಮುಗಿಯುವ ಹೊತ್ತಿಗೆ ಒತ್ತಡದ ಗೆರೆಯನ್ನು ಇನ್ನೊಮ್ಮೆ ನೋಡಿ. ಕೆಲವು ಸಲ ಅದು ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಹಾಸಿನ ಹಿಂದಿನ ಅಂಚಿನಲ್ಲಿ ಮೇಲಿನ ಗಾಳಿ ಕುಸಿದು, ಅದುಮಲ್ಪಟ್ಟು, ಬಿಸಿಯಾಗುತ್ತದೆ. ಅಲ್ಲಿ ಮಳೆ ಕಡಿಮೆ, ತಂಪು ಮಾಡಲು ನೀರು ಸಾಲದು. ಬಿಸಿ ಗಾಳಿ ಹಗುರ, ಆದ್ದರಿಂದ ಒತ್ತಡ ಇಳಿಯುತ್ತದೆ. ಈ ತಗ್ಗು ಉಬ್ಬರವಿಳಿತ ಕಳೆದ ಮೇಲಷ್ಟೇ ಸ್ಪಷ್ಟ. ಚಿತ್ರದ ಮುನ್ಸೂಚನೆ ಈ ಹೊತ್ತಿಗೆ ಮಳೆ ಬರುತ್ತದೆ ಎನ್ನುತ್ತದೆ. ಆಕಾಶ ಬಿರಿದು ನಕ್ಷತ್ರ ಕಾಣುತ್ತಿರುತ್ತದೆ!

ಮಿಂಚಿನ ಸೆನ್ಸರ್ ಬೇರೆಯಾಗಿ ಸಿಗುತ್ತದೆ, 40 ಕಿಲೋಮೀಟರ್‌ವರೆಗೆ ಎನ್ನುತ್ತಾರೆ. ನನ್ನದು ನೀರಿನ ಮೋಟಾರು ಶುರುವಾದರೂ ಮಿಂಚು ಎನ್ನುತ್ತದೆ. ಬಿಟ್ಟುಬಿಡಿ.

ವಾಯುಭಾರ ಮಾಪಕಕ್ಕೂ ಒಂದು ಎಚ್ಚರಿಕೆ ಇದೆ. ಅದು ಮನೆಯೊಳಗೆ ಇರುವುದರಿಂದ ಜೋರು ಗಾಳಿಗೆ ಕಿಟಕಿ ತೆರೆದಿದ್ದರೆ ಕೋಣೆಯ ಒತ್ತಡವೇ ಕುಣಿಯುತ್ತದೆ. ಬಾಗಿಲು ಧಡಾರನೆ ಬಡಿದರೂ ಗೆರೆ ಹಾರುತ್ತದೆ. ಗಾಳಿ ನೇರ ನುಗ್ಗದ ಒಳಕೋಣೆಯಲ್ಲಿ ಪರದೆ ಇಡಿ. ಎಸಿ ಮುಂದೆ ಬೇಡ.

ಆ್ಯಪ್ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಗ್ರಾಫ್ ಬಣ್ಣಬಣ್ಣವಾಗಿದೆ, ಆದರೆ ಒಂದು ದಿನದ ಗ್ರಾಫಿನಲ್ಲಿ 1 ನಿಮಿಷದ ಚುಕ್ಕೆಗಳನ್ನು ತಾನೇ ಸರಾಸರಿ ಮಾಡಿ ನುಣ್ಣಗೆ ತೋರಿಸುತ್ತದೆ. ಕಡಿದಾದ ಏರು ಗುಡ್ಡದ ಇಳಿಜಾರಾಗಿ ಕಾಣುತ್ತದೆ. ಫೈಲ್ ಇಳಿಸಿಕೊಂಡು ನೀವೇ ಗೆರೆ ಎಳೆಯಿರಿ. ಮುಂದೆ ಯಾವಾಗ ಸಾಲು ಬರುತ್ತದೆ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವೇ ಇಲ್ಲ. ಅದಕ್ಕೆ ಹವಾಮಾನ ಇಲಾಖೆಯ ರೇಡಾರ್ ಚಿತ್ರ ನೋಡಬೇಕು. ಐದು ಕಿಲೋಮೀಟರ್ ಎತ್ತರದಲ್ಲಿ ಹಿಮದ ಹರಳು ಕರಗುವ ಪದರ, ಹಿಂದಿನಿಂದ ನುಗ್ಗುವ ಗಾಳಿ, ಇವೆಲ್ಲ ರೇಡಾರಿಗೆ ಸಿಗುವ ಸಂಗತಿ.

ಕೊಳ್ಳುವ ಮುಂಚೆ ಅಂಗಡಿಯವರನ್ನು ಮೂರು ವಿಷಯ ಕೇಳಿ. ದಾಖಲೆಯ ಅಂತರವನ್ನು 1 ನಿಮಿಷಕ್ಕೆ ಇಳಿಸಬಹುದೇ, ಇಂಟರ್‌ನೆಟ್ ಇಲ್ಲದಿದ್ದರೂ ದಾಖಲೆ ಉಳಿಯುತ್ತದೆಯೇ, ಅದನ್ನು ಸಾದಾ ಪಠ್ಯ ಫೈಲಾಗಿ ಹೊರಗೆ ತೆಗೆಯಬಹುದೇ. ಎರಡನೆಯದು ಮುಖ್ಯ. ಸಾಲು ಬಂದಾಗ ಮೊದಲು ಹೋಗುವುದು ಕರೆಂಟು, ಅದರ ಜೊತೆ ವೈಫೈ. ಕೆಲವು ಮಾದರಿಗಳು ದಾಖಲೆಯನ್ನು ನೇರ ಸರ್ವರಿಗೆ ಕಳಿಸುತ್ತವೆ, ತಮ್ಮಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಅಂಥದ್ದರಲ್ಲಿ ಗಸ್ಟ್ ಫ್ರಂಟ್ ಬಂದ ಹೊತ್ತಿಗೆ ಸರಿಯಾಗಿ ಖಾಲಿ ಜಾಗ ಸಿಗುತ್ತದೆ. ನನ್ನ ಮಾದರಿಯಲ್ಲಿ ಪರದೆಗೆ ಬ್ಯಾಟರಿ ಹಾಕುವ ಜಾಗ ಇದೆ, ಮೆಮೊರಿ ಕಾರ್ಡೂ ಹಾಕಬಹುದು. ಎರಡನ್ನೂ ಹಾಕಿಯೇ ಇಡಿ, ಪೆಟ್ಟಿಗೆಯಲ್ಲಿ ಅವು ಬರುವುದಿಲ್ಲ.